ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್: ಕಟ್ಟೋದೆಷ್ಟು, ಕೈಗೆ ಬರೋದೆಷ್ಟು? ಬೆಂಗಳೂರಿನ ಪೋಷಕರು, ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಒಂದು ಸಿಎಸ್ ಸೀಟಿಗೆ ಒಟ್ಟು ಎಷ್ಟು ಖರ್ಚಾಗುತ್ತದೆ?

ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಅನ್ನೋದರ ಮೇಲೆ ನಿಂತಿದೆ. ಒಂದೇ ಕಾಲೇಜು, ಒಂದೇ ತರಗತಿ, ಒಂದೇ ಬೆಂಚು. ಆ ಬೆಂಚಿನಲ್ಲಿ ಕೂತ ಮೂವರು ಮೂರು ಬೇರೆ ಬೇರೆ ದರ ಕೊಟ್ಟಿರುತ್ತಾರೆ.

ಖಾಸಗಿ ಕಾಲೇಜಿನಲ್ಲಿ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಮೂಲಕ ಸಿಗುವ ಸರ್ಕಾರಿ ಕೋಟಾದ ಸೀಟಿಗೆ 2024-25ರಲ್ಲಿ ನಿಗದಿಯಾದ ವಾರ್ಷಿಕ ಶುಲ್ಕ ಕಾಲೇಜಿನ ವರ್ಗಕ್ಕೆ ತಕ್ಕಂತೆ ಸುಮಾರು 76 ಸಾವಿರ ಅಥವಾ 84 ಸಾವಿರ. ಅದೇ ವರ್ಷ ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ) ಸೀಟಿಗೆ ಸುಮಾರು 1.86 ಲಕ್ಷ ಅಥವಾ 2.61 ಲಕ್ಷ. ಆಮೇಲೆ ಎರಡೂ ಏರಿವೆ, ಇನ್ನೂ ಏರುತ್ತವೆ. ಮ್ಯಾನೇಜ್‌ಮೆಂಟ್ ಸೀಟಿಗೆ ದರಪಟ್ಟಿ ಅಂತ ಒಂದಿಲ್ಲ. ಸಾಧಾರಣ ಕಾಲೇಜಿನಲ್ಲಿ ವರ್ಷಕ್ಕೆ 3-4 ಲಕ್ಷದಿಂದ ಶುರುವಾಗಿ, ಹೆಸರಾಂತ ಕಾಲೇಜಿನ ಸಿಎಸ್‌ಗೆ 10 ಲಕ್ಷ ದಾಟುವುದೂ ಉಂಟು. ಸರ್ಕಾರಿ ಕಾಲೇಜುಗಳು ಇವೆಲ್ಲಕ್ಕಿಂತ ಅಗ್ಗ. ಕೆ.ಆರ್. ವೃತ್ತದ ಯುವಿಸಿಇ, ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ್ದು, ಈಗಲೂ ನಗರದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸೀಟುಗಳ ಸಾಲಿನಲ್ಲಿದೆ.

ನಿಗದಿತ ಶುಲ್ಕದ ಮೇಲೆ ‘ಇತರೆ’ ಅನ್ನೋ ಸಾಲೊಂದು ಬಂದೇ ಬರುತ್ತದೆ: ಸ್ಕಿಲ್ ಲ್ಯಾಬ್, ಪ್ಲೇಸ್‌ಮೆಂಟ್ ತರಬೇತಿ, ಸಮವಸ್ತ್ರ, ವಿಶ್ವವಿದ್ಯಾಲಯದ ನೋಂದಣಿ. ಹಾಗಾಗಿ ಸಿಇಟಿ ಸೀಟಾದರೂ ವರ್ಷಕ್ಕೆ 1 ಲಕ್ಷ ಅಂತಲೇ ಲೆಕ್ಕ ಹಿಡಿಯಿರಿ. ನಾಲ್ಕು ವರ್ಷದ ಚಿತ್ರ ಹೀಗೆ ಬರುತ್ತದೆ.

ಸಿಇಟಿ ಸೀಟು, ಮನೆಯಿಂದಲೇ ಓಡಾಟ: ಶುಲ್ಕ 4 ಲಕ್ಷ, ಪರೀಕ್ಷೆ-ಪುಸ್ತಕ 60 ಸಾವಿರ, ಲ್ಯಾಪ್‌ಟಾಪ್ 60 ಸಾವಿರ, ಓಡಾಟ 60 ಸಾವಿರ. ಒಟ್ಟು 5.8 ಲಕ್ಷ.

ಕಾಮೆಡ್‌ಕೆ ಸೀಟು, ಶಿವಮೊಗ್ಗದಿಂದಲೋ ಹಾಸನದಿಂದಲೋ ಬಂದು ಪಿಜಿಯಲ್ಲಿ ವಾಸ: ಶುಲ್ಕ 11 ಲಕ್ಷ, ಪಿಜಿ ತಿಂಗಳಿಗೆ 9,500ರಂತೆ ವರ್ಷಕ್ಕೆ 11 ತಿಂಗಳು ಅಂದರೆ 4.2 ಲಕ್ಷ, ಉಳಿದದ್ದು 1.7 ಲಕ್ಷ. ಒಟ್ಟು ಸುಮಾರು 17 ಲಕ್ಷ.

ವರ್ಷಕ್ಕೆ 7 ಲಕ್ಷದ ಮ್ಯಾನೇಜ್‌ಮೆಂಟ್ ಸೀಟು, ಪಿಜಿ ಸಮೇತ: 34 ಲಕ್ಷ.

ಜಾಸ್ತಿ ದುಡ್ಡು ಕೊಟ್ಟ ಸೀಟಿಗೆ ಜಾಸ್ತಿ ಸಂಬಳ ಬರುತ್ತದೆಯೇ?

ಇಲ್ಲ. ಕ್ಯಾಂಪಸ್‌ಗೆ ಬರುವ ಕಂಪನಿ ಸಿಜಿಪಿಎ ಕೇಳುತ್ತದೆ, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಕೇಳುತ್ತದೆ, ಕೋಡಿಂಗ್ ಪರೀಕ್ಷೆ ಇಡುತ್ತದೆ. ಯಾವ ಕೋಟಾದಲ್ಲಿ ಬಂದೆ ಅಂತ ಕೇಳುವುದಿಲ್ಲ. ಒಳ್ಳೆಯ ಕಾಲೇಜಿಗೆ ಒಳ್ಳೆಯ ಕಂಪನಿ ಬರುತ್ತದೆ, ಅದು ನಿಜ. ಆದರೆ ಅದು ಕಾಲೇಜಿನ ಬೆಲೆ, ಕೋಟಾದ ಬೆಲೆಯಲ್ಲ.

ಇದನ್ನು ಬ್ಯಾಂಕಿನ ಭಾಷೆಯಲ್ಲಿ ನೋಡಿ. ವರ್ಷಕ್ಕೆ 7 ಲಕ್ಷದ ಸೀಟಿಗೂ 1 ಲಕ್ಷದ ಸೀಟಿಗೂ ವ್ಯತ್ಯಾಸ 6 ಲಕ್ಷ. ಆ 6 ಲಕ್ಷವನ್ನು ಪ್ರತಿ ವರ್ಷ 7% ಬಡ್ಡಿಯ ಠೇವಣಿಗೆ ಹಾಕುತ್ತ ಹೋದರೆ, ನಾಲ್ಕನೇ ವರ್ಷದ ಕೊನೆಗೆ ಸುಮಾರು 28.5 ಲಕ್ಷ. ಅದರ ಬಡ್ಡಿಯೇ ವರ್ಷಕ್ಕೆ 2 ಲಕ್ಷ, ತಿಂಗಳಿಗೆ 16,600 ರೂಪಾಯಿ, ಅಸಲು ಮುಟ್ಟದೆ. ಅಂದರೆ ದುಬಾರಿ ಸೀಟಿನ ಮಗು, ಅಗ್ಗದ ಸೀಟಿನಲ್ಲಿದ್ದಿದ್ದರೆ ಸಿಗುತ್ತಿದ್ದ ಸಂಬಳಕ್ಕಿಂತ ತಿಂಗಳಿಗೆ 16,600 ಹೆಚ್ಚು ಮನೆಗೆ ತಂದರೆ ಬಡ್ಡಿ ಮಾತ್ರ ಸರಿಹೋಯಿತು. ಸೇವಾ ಕಂಪನಿಯ ಮೊದಲ ಸಂಬಳವೇ 25 ಸಾವಿರ ಅನ್ನುವಾಗ, ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ.

ದುಡ್ಡಿನ ತಾಪತ್ರಯವೇ ಇಲ್ಲದ ಮನೆಗೆ ಈ ಲೆಕ್ಕ ಬೇಕಿಲ್ಲ. ಸೈಟು ಮಾರಿ, ಚಿನ್ನ ಅಡವಿಟ್ಟು ಕಟ್ಟುವವರಿಗೆ ಬೇಕು.

ಫ್ರೆಷರ್‌ಗೆ ನಿಜವಾಗಿ ಎಷ್ಟು ಸಂಬಳ?

ಮೂರು ಮೆಟ್ಟಿಲು ಇವೆ. ಕೆಳಗಿನದು ದೊಡ್ಡ ಐಟಿ ಸೇವಾ ಕಂಪನಿಗಳ ಸಾಮೂಹಿಕ ನೇಮಕ: ವರ್ಷಕ್ಕೆ 3.25ರಿಂದ 4 ಲಕ್ಷ. ಟಿಸಿಎಸ್‌ನ ನಿಂಜಾ ಹುದ್ದೆಯ 3.36 ಲಕ್ಷ ಎಲ್ಲರಿಗೂ ಗೊತ್ತಿರುವ ಅಂಕಿ. ಹತ್ತು-ಹದಿನೈದು ವರ್ಷದ ಹಿಂದೆಯೂ ಈ ಮೆಟ್ಟಿಲು ಹೆಚ್ಚುಕಡಿಮೆ ಇಲ್ಲೇ ಇತ್ತು. ಆಗಿನ ಪಿಜಿ ಬಾಡಿಗೆಯೂ ದೋಸೆಯ ಬೆಲೆಯೂ ಮಾತ್ರ ಅಲ್ಲೇ ನಿಂತಿಲ್ಲ.

ನಡುವಿನದು 6ರಿಂದ 10 ಲಕ್ಷ. ಅದೇ ಸೇವಾ ಕಂಪನಿಗಳ ಕಠಿಣ ಪರೀಕ್ಷೆಯ ಹುದ್ದೆಗಳು, ಮಧ್ಯಮ ಗಾತ್ರದ ಉತ್ಪನ್ನ ಕಂಪನಿಗಳು, ಮಾನ್ಯತಾ ಟೆಕ್ ಪಾರ್ಕಿನಿಂದ ಬೆಳ್ಳಂದೂರಿನ ತನಕ ಹಬ್ಬಿರುವ ವಿದೇಶಿ ಕಂಪನಿಗಳ ಜಾಗತಿಕ ಕೇಂದ್ರಗಳು ಇಲ್ಲಿವೆ. ಮೇಲಿನದು 15 ಲಕ್ಷ ದಾಟಿದ್ದು. ಪತ್ರಿಕೆಯಲ್ಲಿ ಫೋಟೊ ಬರುವುದು ಈ ಮೆಟ್ಟಿಲಿನವರದು, ತರಗತಿಯ ಬಹುಪಾಲು ಜನ ಇಲ್ಲಿರುವುದಿಲ್ಲ.

3.6 ಲಕ್ಷ ಅಂದರೆ ತಿಂಗಳಿಗೆ 30 ಸಾವಿರ ಕೈಗೆ ಬರುತ್ತದಲ್ಲವೇ?

ಬರುವುದಿಲ್ಲ. ಅದು ಸಿಟಿಸಿ, ಕಂಪನಿಗೆ ನೀವು ತಗಲುವ ವೆಚ್ಚ. ಮೂಲ ವೇತನ 15,000 ಅಂತ ಇಟ್ಟುಕೊಂಡು ಬಿಡಿಸೋಣ.

30,000ದಿಂದ ಕಂಪನಿ ಪಾಲಿನ ಪಿಎಫ್ 1,800 ಹೋಯಿತು. ಗ್ರಾಚ್ಯುಟಿ ಅಂತ ಮೂಲ ವೇತನದ 4.81%, ಅಂದರೆ 721. ಉಳಿದದ್ದು 27,479. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ಕರ್ನಾಟಕದ ವೃತ್ತಿ ತೆರಿಗೆ 200. ಬ್ಯಾಂಕಿಗೆ ಬೀಳುವುದು 25,479. ಆರೋಗ್ಯ ವಿಮೆಗೆ ಕಂಪನಿ ಕತ್ತರಿ ಹಾಕಿದರೆ 25 ಸಾವಿರ. ಪಿಎಫ್ ಎಲ್ಲೂ ಹೋಗುವುದಿಲ್ಲ, ನಿಮ್ಮದೇ. ಗ್ರಾಚ್ಯುಟಿ ಮಾತ್ರ ಸಾಮಾನ್ಯವಾಗಿ ಐದು ವರ್ಷ ಅಲ್ಲೇ ಇದ್ದವರಿಗೆ, ಫ್ರೆಷರ್‌ಗಳಲ್ಲಿ ಹಾಗೆ ಉಳಿಯುವವರು ಕಡಿಮೆ.

7 ಲಕ್ಷದ ಸಿಟಿಸಿಗೆ ಕೈಗೆ ಸುಮಾರು 50 ಸಾವಿರ. ‘ವೇರಿಯಬಲ್ ಪೇ’ ಅನ್ನೋದು 10% ಇದ್ದರೆ ಅದು ತಿಂಗಳ ಸಂಬಳದಲ್ಲಿ ಬರುವುದಿಲ್ಲ. ವರ್ಷಕ್ಕೋ ತ್ರೈಮಾಸಿಕಕ್ಕೋ, ಅದೂ ಪೂರ್ತಿ ಬರುತ್ತದೆಂಬ ಖಾತ್ರಿಯಿಲ್ಲ. ಆದಾಯ ತೆರಿಗೆಯ ಚಿಂತೆ ಈ ಹಂತದಲ್ಲಿ ಬೇಡ. ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಶೂನ್ಯ.

‘20 ಲಕ್ಷದ ಆಫರ್’ ಬಂದಿದೆ. ಹೇಗೆ ಓದಬೇಕು?

ಆಫರ್ ಪತ್ರದ ಕೊನೆಯ ಪುಟದಲ್ಲಿ ಕೋಷ್ಟಕವೊಂದು ಇರುತ್ತದೆ, ಮೊದಲು ಅದನ್ನು ನೋಡಿ. ಸ್ಥಿರ ಸಂಬಳ 11 ಲಕ್ಷ, ಜಾಯ್ನಿಂಗ್ ಬೋನಸ್ 2 ಲಕ್ಷ, ಷೇರು 5 ಲಕ್ಷ, ಬೋನಸ್ 2 ಲಕ್ಷ ಅಂತ ಕೂಡಿಸಿ 20 ಮಾಡಿರಬಹುದು. ಜಾಯ್ನಿಂಗ್ ಬೋನಸ್ ಒಂದೇ ಸಲ. ವರ್ಷ ತುಂಬುವ ಮೊದಲು ಬಿಟ್ಟರೆ ವಾಪಸ್ ಕೊಡಬೇಕು. ಷೇರು ನಾಲ್ಕು ವರ್ಷಕ್ಕೆ ಹಂಚಿದ್ದೋ, ಒಂದು ವರ್ಷದ್ದೋ ಕೇಳಿ. ಷೇರುಪೇಟೆಯಲ್ಲಿಲ್ಲದ ಸ್ಟಾರ್ಟಪ್‌ನ ಷೇರನ್ನು ಸದ್ಯಕ್ಕೆ ಸೊನ್ನೆ ಅಂತಲೇ ಬರೆದುಕೊಳ್ಳಿ. ಸಿಕ್ಕರೆ ಲಾಭ.

ಕಾಲೇಜಿನ ಪ್ಲೇಸ್‌ಮೆಂಟ್ ಅಂಕಿಯನ್ನು ನಂಬಬಹುದೇ?

ಹೊಸೂರು ರಸ್ತೆಯ ಹೋರ್ಡಿಂಗ್‌ನಲ್ಲಿ ಇರುವುದು ಗರಿಷ್ಠ ಪ್ಯಾಕೇಜು. ಅದು ಒಬ್ಬ ಹುಡುಗನ ಅಥವಾ ಹುಡುಗಿಯ ಸಂಬಳ. ನಿಮಗೆ ಬೇಕಿರುವುದು ಮೀಡಿಯನ್, ಅಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ಸರಾಸರಿಯೂ ಮೋಸವೇ. ಒಂಬತ್ತು ಜನಕ್ಕೆ 4 ಲಕ್ಷ, ಒಬ್ಬರಿಗೆ 50 ಲಕ್ಷ ಸಿಕ್ಕರೆ ಸರಾಸರಿ 8.6 ಲಕ್ಷ ಆಗುತ್ತದೆ, ಮೀಡಿಯನ್ 4ರಲ್ಲೇ ಇರುತ್ತದೆ.

ಇದನ್ನು ಹುಡುಕಲು ಒಂದು ದಾರಿಯಿದೆ, ಬಳಸುವವರು ಮಾತ್ರ ಕಡಿಮೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ತಾವು ಸಲ್ಲಿಸಿದ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಕಾಲೇಜಿನ ಹೆಸರಿನ ಜತೆ ‘ಎನ್‌ಐಆರ್‌ಎಫ್’ ಅಂತ ಹುಡುಕಿ ಆ ಪಿಡಿಎಫ್ ತೆರೆಯಿರಿ. ನಾಲ್ಕು ವರ್ಷದ ಪದವಿಯ ಸಾಲಿನಲ್ಲಿ ಮೂರು ಅಂಕಿ ನೋಡಿ: ಸರಿಯಾದ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಮೀಡಿಯನ್ ಸಂಬಳ. ಎಲ್ಲ ವಿಭಾಗಗಳನ್ನೂ ಕೂಡಿಸಿದ ಅಂಕಿ ಅದು. ಹಾಗಾಗಿ ಸಿಎಸ್ ಒಂದರ ಮೀಡಿಯನ್ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಪಕ್ಕದಲ್ಲೇ ಮೊದಲ ವರ್ಷಕ್ಕೆ ಸೇರಿದವರ ಸಂಖ್ಯೆಯೂ ಇದೆ. ಸೇರಿದ್ದು 900, ಅವಧಿಯೊಳಗೆ ಪಾಸಾಗಿದ್ದು 650 ಅಂತಿದ್ದರೆ ಉಳಿದ 250 ಜನ ಎಲ್ಲಿ ಅನ್ನೋ ಪ್ರಶ್ನೆ ತಾನಾಗೇ ಏಳುತ್ತದೆ.

ಪ್ಲೇಸ್‌ಮೆಂಟ್ ಅಧಿಕಾರಿ ಸಿಕ್ಕರೆ ನೇರವಾಗಿ ಕೇಳಿ: ‘98% ಅಂದರೆ ಯಾರಲ್ಲಿ 98?’ ಅರ್ಹರೆಂದು ನೋಂದಾಯಿಸಿದವರಲ್ಲೋ, ತರಗತಿಯ ಎಲ್ಲರಲ್ಲೋ? ಒಬ್ಬರಿಗೆ ಮೂರು ಆಫರ್ ಬಂದರೆ ಮೂರು ಅಂತ ಎಣಿಸುತ್ತೀರೋ, ಒಂದು ಅಂತಲೋ? ಕಾಯಂ ಆಗದ ಇಂಟರ್ನ್‌ಶಿಪ್ ಇದರಲ್ಲಿ ಸೇರಿದೆಯೋ? ಈ ಮೂರಕ್ಕೆ ಸರಾಗವಾಗಿ ಉತ್ತರ ಬಂದರೆ ಆ ಕಾಲೇಜಿನ ಅಂಕಿಯನ್ನು ಮುಕ್ಕಾಲು ಪಾಲು ನಂಬಬಹುದು.

ಶಿಕ್ಷಣ ಸಾಲ ಎಷ್ಟು ಮಾಡಬಹುದು?

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ.

ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ 8 ಲಕ್ಷ ಸಾಲ, ಬಡ್ಡಿ 10% ಅಂತ ಇಟ್ಟುಕೊಳ್ಳಿ. ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ 2 ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಆಮೇಲೆ ಮೂರು, ಕೊನೆಯದಕ್ಕೆ ಎರಡು. ಒಟ್ಟು 2.8 ಲಕ್ಷ. ಹಾಗಾಗಿ ಕಂತು ಶುರುವಾಗುವ ದಿನ ಸಾಲ 8 ಲಕ್ಷವಲ್ಲ, 10.8 ಲಕ್ಷ. ಏಳು ವರ್ಷದ ಅವಧಿಗೆ 10% ಬಡ್ಡಿಯಲ್ಲಿ ಪ್ರತಿ ಲಕ್ಷಕ್ಕೆ ಕಂತು 1,660 ರೂಪಾಯಿ. 10.8 ಲಕ್ಷಕ್ಕೆ ತಿಂಗಳಿಗೆ 17,900. ಹದಿನೈದು ವರ್ಷಕ್ಕೆ ಎಳೆದರೆ ಕಂತು 11,600ಕ್ಕೆ ಇಳಿಯುತ್ತದೆ, ಕಟ್ಟುವ ಒಟ್ಟು ಮೊತ್ತ 20.9 ಲಕ್ಷಕ್ಕೆ ಏರುತ್ತದೆ.

ಈಗ 25 ಸಾವಿರದ ಸಂಬಳವನ್ನು ಇದರ ಎದುರು ಇಡಿ. ಪಿಜಿ 9,000, ಊಟ-ತಿಂಡಿ ಮೇಲ್ಖರ್ಚು 3,000, ಓಡಾಟ 2,500, ಫೋನು-ಬಟ್ಟೆ-ಔಷಧ 3,000. ಉಳಿಯುವುದು 7,500. 17,900 ಎಲ್ಲಿಂದ ಬರಬೇಕು? ಅಪ್ಪನ ಪಿಂಚಣಿಯಿಂದ.

ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಬಾರದು ಅನ್ನೋದು ನಾವು ಹೇಳುವ ಮಿತಿ. 25 ಸಾವಿರಕ್ಕೆ ಕಂತು 8,300, ಅದಕ್ಕೆ ಒಗ್ಗುವ ಬಾಕಿ 5 ಲಕ್ಷ, ಅದರಲ್ಲಿ ಕಂತು ಶುರುವಾಗುವ ಮೊದಲೇ ಬೆಳೆದ ಬಡ್ಡಿ ಕಳೆದರೆ ಓದುವಾಗ ಎತ್ತಬಹುದಾದ ಸಾಲ ಸುಮಾರು 3.7 ಲಕ್ಷ. ಕಾಲೇಜಿನ ಮೀಡಿಯನ್ 7 ಲಕ್ಷವಿದ್ದರೆ ಇದು 7.4 ಲಕ್ಷದವರೆಗೆ ಹಿಗ್ಗುತ್ತದೆ. ಈ ಲೆಕ್ಕ ಹಾಕಬೇಕಾದ್ದು ಮೀಡಿಯನ್ ಇಟ್ಟುಕೊಂಡು. ಹೋರ್ಡಿಂಗ್ ನೋಡಿಕೊಂಡಲ್ಲ.

ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ ಆ 2.8 ಲಕ್ಷ ಅಸಲಿಗೆ ಸೇರುವುದು ತಪ್ಪುತ್ತದೆ. ಮೊದಲ ವರ್ಷ ತಿಂಗಳಿಗೆ 1,667, ಎರಡನೆಯದಕ್ಕೆ 3,333, ಮೂರಕ್ಕೆ 5,000, ಆಮೇಲೆ 6,667. ಮನೆಯಲ್ಲಿ ಸಂಬಳದವರೊಬ್ಬರಿದ್ದರೆ ಇದೇ ಒಳ್ಳೆಯದು.

ಸಾಲಕ್ಕೆ ಜಾಮೀನು, ಸಬ್ಸಿಡಿ?

4 ಲಕ್ಷದವರೆಗೆ ನಿಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ. ಅದಕ್ಕಿಂತ ಮೇಲೆ 5%. 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಸಹಸಾಲಗಾರರಾದರೆ ಸಾಕು. ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬಕ್ಕೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಆಯ್ದ ಸಂಸ್ಥೆಗಳಿಗೆ ಸೇರಿದವರ ಪೈಕಿ 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ 3% ಬಡ್ಡಿ ರಿಯಾಯಿತಿ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಅಂತ ಪೋರ್ಟಲ್‌ನಲ್ಲಿ ನೋಡಿಕೊಂಡೇ ಬ್ಯಾಂಕಿಗೆ ಹೋಗಿ.

ಮ್ಯಾನೇಜ್‌ಮೆಂಟ್ ಸೀಟಿಗೆ ಈ ರಿಯಾಯಿತಿಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಸಾಲ ಸಿಕ್ಕರೂ ಬಡ್ಡಿ ಹೆಚ್ಚು, ಅಡಮಾನ ಕೇಳುತ್ತಾರೆ. ರಸೀದಿ ಇಲ್ಲದೆ ಕೊಡುವ ಡೊನೇಷನ್‌ಗಂತೂ ಯಾವ ಬ್ಯಾಂಕೂ ಸಾಲ ಕೊಡದು. ಅದು 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಗೆ ವಿರುದ್ಧವೂ ಹೌದು.

ಇನ್ನೊಂದು ತಪ್ಪು ಕಲ್ಪನೆ: ‘ಸಾಲದ ಬಡ್ಡಿಗೆ 80ಇ ಅಡಿ ತೆರಿಗೆ ಉಳಿಯುತ್ತದೆ’. ಆ ಸವಲತ್ತು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಎಂಟು ವರ್ಷಕ್ಕೆ. ಹೊಸ ಪದ್ಧತಿಯಲ್ಲಿ ಹೇಗೂ ತೆರಿಗೆಯೇ ಬೀಳದ ಫ್ರೆಷರ್‌ಗೆ ಅದರಿಂದ ಉಳಿಯುವುದು ಏನೂ ಇಲ್ಲ.

ಶುಲ್ಕ ಕಡಿಮೆ ಮಾಡಿಕೊಳ್ಳಲು ಏನೇನು ದಾರಿಗಳಿವೆ?

ಮೊದಲನೆಯದು ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ). ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿ 5%, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕವಿಲ್ಲ. ಸಿಇಟಿ ಅರ್ಜಿಯಲ್ಲೇ ಇದನ್ನು ಕೋರಬೇಕು, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ನಮೂದಿಸಬೇಕು. ಅರ್ಹತೆಯಿದ್ದೂ ‘ನಮಗೆಲ್ಲಿ ಸಿಗುತ್ತೆ’ ಅಂತ ಆ ಕಾಲಂ ಖಾಲಿ ಬಿಡುವವರು ಪ್ರತಿ ವರ್ಷ ಇರುತ್ತಾರೆ.

ಎರಡನೆಯದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಊರಿನ ಶಾಲೆ ಮುಚ್ಚಿದ್ದರೆ ದಾಖಲೆ ಬೇರೆ ಶಾಲೆಗೆ ಹೋಗಿರುತ್ತದೆ, ಹುಡುಕಾಟಕ್ಕೆ ವಾರಗಳು ಹಿಡಿಯುತ್ತವೆ. ಫಲಿತಾಂಶ ಬಂದ ಮೇಲೆ ಓಡಾಡಿದರೆ ಸಮಯ ಸಾಲದು. ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮುಗಿಸಿಟ್ಟುಕೊಳ್ಳಿ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿನ ಹಾಗೇ ಇರಬೇಕು. ಒಂದು ಇನಿಷಿಯಲ್ ಹಿಂದುಮುಂದಾದರೆ ಪರಿಶೀಲನೆಯಲ್ಲಿ ನಿಂತುಬಿಡುತ್ತದೆ.

ಮೂರನೆಯದು ವಿದ್ಯಾರ್ಥಿವೇತನ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಡಿ ಊಟ-ವಸತಿಗೆ ಹತ್ತು ತಿಂಗಳು ನೆರವು, ಅರಿವು ಯೋಜನೆಯಲ್ಲಿ 2% ಬಡ್ಡಿಯ ಸಾಲ. ಅರ್ಜಿ ಮಂಜೂರಾಗಿ ‘ಹಣ ಜಮೆ’ ಅಂತ ತೋರಿಸಿದರೂ ಖಾತೆಗೆ ಬಂದಿಲ್ಲ ಅನ್ನೋದು ಸಾಮಾನ್ಯ ದೂರು. ದುಡ್ಡು ಕಳೆದಿರುವುದಿಲ್ಲ. ಆಧಾರ್‌ಗೆ ಜೋಡಿಸಿದ ಖಾತೆ ಯಾವುದೋ ಅದಕ್ಕೆ ಹೋಗಿರುತ್ತದೆ, ಬಹಳ ಸಲ ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಗೆ. ಅರ್ಜಿ ಹಾಕುವ ಮೊದಲು ಆಧಾರ್ ಜೋಡಣೆ ಯಾವ ಬ್ಯಾಂಕಿನಲ್ಲಿದೆ ಅಂತ ನೋಡಿಕೊಳ್ಳಿ.

ಸಿಇಟಿ ರ್ಯಾಂಕ್ ಸಾಧಾರಣವಾಗಿದೆ. ಹೆಸರಾಂತ ಕಾಲೇಜಿನಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ತಗೋಬೇಕೋ, ಸಾಧಾರಣ ಕಾಲೇಜಿನಲ್ಲಿ ಸಿಎಸ್ ತಗೋಬೇಕೋ?

ಕಾಲೇಜು ನಿಜಕ್ಕೂ ಒಳ್ಳೆಯದಿದ್ದು, ಸರ್ಕಾರಿ ದರದಲ್ಲಿ ಇಸಿ ಸಿಗುತ್ತಿದ್ದರೆ ನಮ್ಮ ಮತ ಇಸಿಗೆ. ಆರ್‌.ವಿ., ಬಿಎಂಎಸ್, ರಾಮಯ್ಯದಂಥ ಕಡೆ ಬರುವ ಬಹುಪಾಲು ಸಾಫ್ಟ್‌ವೇರ್ ಕಂಪನಿಗಳು ಇಸಿ ವಿದ್ಯಾರ್ಥಿಗಳನ್ನೂ ಪರೀಕ್ಷೆಗೆ ಕೂರಿಸುತ್ತವೆ. ಜತೆಗೆ ಚಿಪ್ ವಿನ್ಯಾಸದ ಕೆಲಸ ಅವರಿಗೆ ಹೆಚ್ಚುವರಿ ಬಾಗಿಲು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗಿನಿಂದ ಆ ಕೆಲಸ ಬೆಂಗಳೂರಿನಲ್ಲಿ ಬೇರುಬಿಟ್ಟಿದೆ. ಸಿವಿಲ್, ಮೆಕ್ಯಾನಿಕಲ್‌ಗೆ ಈ ಮಾತು ಅಷ್ಟು ಅನ್ವಯಿಸದು. ಆ ವಿಷಯದ ಮೇಲೆ ಪ್ರೀತಿ ಇದ್ದರೆ ತಗೊಳ್ಳಿ, ಸಾಫ್ಟ್‌ವೇರ್‌ಗೆ ಹಾರಲು ಮೆಟ್ಟಿಲು ಅಂತ ಬೇಡ.

ಎಐಎಂಎಲ್ (ಕೃತಕ ಬುದ್ಧಿಮತ್ತೆ, ಮೆಷಿನ್ ಲರ್ನಿಂಗ್), ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅನ್ನೋ ಹೆಸರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಎರಡು-ಮೂರು ವರ್ಷದ ಪಠ್ಯ ಹೆಚ್ಚುಕಡಿಮೆ ಸಿಎಸ್‌ನದೇ, ಕಂಪನಿಗಳೂ ಒಂದೇ ಬುಟ್ಟಿಗೆ ಹಾಕುತ್ತವೆ. ಐಎಸ್ (ಇನ್ಫರ್ಮೇಷನ್ ಸೈನ್ಸ್) ಕೂಡ ಹಾಗೇ. ಗಮನಿಸಬೇಕಾದ್ದು ಬೇರೆ: 2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಸೀಟು ಮಿತಿಯನ್ನು ಸಡಿಲಿಸಿದ ಮೇಲೆ ಕೆಲವು ಕಾಲೇಜುಗಳಲ್ಲಿ ಸಿಎಸ್ ಮತ್ತು ಅದರ ಕವಲುಗಳ ಸೀಟು ಭಾರಿ ಹೆಚ್ಚಿದೆ. ಸೀಟು ಹೆಚ್ಚಿತೆಂದು ಬರುವ ಕಂಪನಿಗಳ ಸಂಖ್ಯೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ನೀವು ನೋಡುತ್ತಿರುವ ಪ್ಲೇಸ್‌ಮೆಂಟ್ ಅಂಕಿ ಹಳೆಯ, ಚಿಕ್ಕ ಬ್ಯಾಚಿನದು.

ಕೌನ್ಸೆಲಿಂಗ್‌ನಲ್ಲಿ ದುಡ್ಡು ಕಳೆದುಕೊಳ್ಳುವುದು ಎಲ್ಲಿ?

ಸಿಇಟಿ ಸೀಟು ಹಂಚುವ ಕೆಇಎ ಕೊಡುವ ನಾಲ್ಕು ಚಾಯ್ಸ್‌ಗಳಲ್ಲಿ. ಒಂದು: ಸೀಟು ಒಪ್ಪಿದೆ, ಸೇರುತ್ತೇನೆ. ಎರಡು: ಒಪ್ಪಿದೆ, ಆದರೆ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು: ಆಟದಿಂದಲೇ ಹೊರಗೆ. ಎರಡರ ಬದಲು ಮೂರು ಒತ್ತಿ ಕೈಯಲ್ಲಿದ್ದ ಸೀಟು ಕಳೆದುಕೊಂಡು, ಕೊನೆಗೆ ಮ್ಯಾನೇಜ್‌ಮೆಂಟ್ ಬಾಗಿಲು ತಟ್ಟುವ ಮನೆಗಳಿವೆ. ಒಂದು ಗುಂಡಿಯ ಬೆಲೆ ಹತ್ತು-ಇಪ್ಪತ್ತು ಲಕ್ಷ. ಪಟ್ಟಿಯಲ್ಲಿ ಮೇಲೆ ಬರೆದ ಕಾಲೇಜು ಸಿಕ್ಕರೆ ಕೆಳಗಿನದು ತಾನಾಗೇ ಹೋಗುತ್ತದೆ, ಹಾಗಾಗಿ ಮನಸ್ಸಿಗೆ ಬೇಕಾದ ಕ್ರಮದಲ್ಲೇ ಬರೆಯಿರಿ. ಕಟ್‌ಆಫ್ ಕ್ರಮದಲ್ಲಿ ಅಲ್ಲ.

ಕಾಮೆಡ್‌ಕೆ ಸೀಟು ಹಿಡಿದುಕೊಂಡು ಸಿಇಟಿಗೆ ಕಾಯುವವರು, ರದ್ದು ಮಾಡಿದರೆ ಯಾವ ಸುತ್ತಿನವರೆಗೆ ಶುಲ್ಕ ವಾಪಸ್ ಬರುತ್ತದೆ ಅನ್ನೋ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಬಿಸಿಎ ಅಥವಾ ಡಿಪ್ಲೊಮಾ ಅಗ್ಗದ ದಾರಿಯಲ್ಲವೇ?

ಡಿಪ್ಲೊಮಾ ಹೌದು, ಅದನ್ನು ಜನ ಕಡೆಗಣಿಸಿದ್ದಾರೆ. ಎಸ್‌ಎಸ್‌ಎಲ್‌ಸಿ ನಂತರ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ, ವರ್ಷದ ಶುಲ್ಕ ಕೆಲವೇ ಸಾವಿರ. ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ, ಅಲ್ಲಿ ಮೂರು ವರ್ಷ. ಒಟ್ಟು ಆರು. ಪಿಯುಸಿ ಎರಡು, ಬಿಇ ನಾಲ್ಕು ಸೇರಿಸಿದರೂ ಆರೇ. ಪಿಯು ಕಾಲೇಜಿನ ಕೋಚಿಂಗ್ ಖರ್ಚೂ ಒಂದು ವರ್ಷದ ಬಿಇ ಶುಲ್ಕವೂ ಉಳಿಯಿತು. ಕಷ್ಟವಿರುವುದು ಗಣಿತದಲ್ಲಿ. ಪಿಯುಸಿ ಗಣಿತ ಮಾಡದೆ ಬಂದವರಿಗೆ ಮೂರನೇ ಸೆಮಿಸ್ಟರ್ ಕಡಿದಾಗಿರುತ್ತದೆ.

ಬಿಸಿಎ ಮೂರು ವರ್ಷ, ಸರ್ಕಾರಿ ಪದವಿ ಕಾಲೇಜಿನಲ್ಲಿ ಖರ್ಚು ತೀರ ಕಡಿಮೆ. ಮೊದಲ ಸಂಬಳವೂ ಕಡಿಮೆ, ಕೆಲವು ಕಂಪನಿಗಳು ಬಿಇ ಅಲ್ಲದವರನ್ನು ಕರೆಯುವುದೇ ಇಲ್ಲ. ಮೂರು-ನಾಲ್ಕು ವರ್ಷದ ಅನುಭವವಾದ ಮೇಲೆ ಈ ಅಂತರ ಬಹುಮಟ್ಟಿಗೆ ಕರಗುತ್ತದೆ. 25 ಲಕ್ಷ ಸಾಲದ ಬಿಇಗೂ ಸಾಲವಿಲ್ಲದ ಬಿಸಿಎ-ಎಂಸಿಎಗೂ ನಡುವೆ ಆಯ್ಕೆ ಅಂತಾದರೆ ಎರಡನೆಯದು ಜಾಣತನ.

ಓದುವಾಗ ಸಂಬಳ ಹೆಚ್ಚಿಸುವುದು ಯಾವುದು?

ಬ್ಯಾಕ್ ಉಳಿಸಿಕೊಳ್ಳದಿರುವುದು. ಬೇಸರದ ಉತ್ತರ, ಆದರೆ ಇದೇ ಮೊದಲು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಇ ಉದ್ದಕ್ಕೂ 60%, ಬಾಕಿ ವಿಷಯ ಇರಬಾರದು ಅನ್ನೋದು ಬಹಳಷ್ಟು ಕಂಪನಿಗಳ ಮೊದಲ ಜರಡಿ. ಮೂರನೇ ಸೆಮಿಸ್ಟರ್ ಗಣಿತದ (ಎಂ3) ಒಂದು ಪತ್ರಿಕೆ ಉಳಿದರೆ ಏಳನೇ ಸೆಮಿಸ್ಟರ್‌ನ ಆಗಸ್ಟ್‌ನಲ್ಲಿ ಬರುವ ಮೊದಲ ಕಂಪನಿಗಳು ಕೈತಪ್ಪುತ್ತವೆ, ಹೆಚ್ಚು ಕೊಡುವವರೂ ಅವರೇ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಪಠ್ಯದಲ್ಲಿ ಡೇಟಾ ಸ್ಟ್ರಕ್ಚರ್ಸ್ ಮತ್ತು ಆಪರೇಟಿಂಗ್ ಸಿಸ್ಟಮ್ಸ್ ಮೂರನೇ ಸೆಮಿಸ್ಟರ್, ಅಲ್ಗಾರಿದಮ್ಸ್ ಮತ್ತು ಡಿಬಿಎಂಎಸ್ ನಾಲ್ಕು, ನೆಟ್‌ವರ್ಕ್ಸ್ ಐದು. ಸಂದರ್ಶನದಲ್ಲಿ ಕೇಳುವುದು ಈ ಐದನ್ನೇ. ಇವನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು ಮುಗಿಸಿದವರು ಆರನೇ ಸೆಮಿಸ್ಟರ್‌ನಲ್ಲಿ 40 ಸಾವಿರ ಕೊಟ್ಟು ಕೋರ್ಸ್ ಸೇರಿ ಅದನ್ನೇ ಮತ್ತೆ ಕಲಿಯುತ್ತಾರೆ.

ಲ್ಯಾಪ್‌ಟಾಪ್‌ಗೆ 16 ಜಿಬಿ ರ್ಯಾಮ್, 512 ಜಿಬಿ ಎಸ್‌ಎಸ್‌ಡಿ ಸಾಕು, 50-60 ಸಾವಿರದೊಳಗೆ ಬರುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ‘ಎಐ ಪ್ರಾಜೆಕ್ಟಿಗೆ ಬೇಕು’ ಅಂದರೆ, ಗೂಗಲ್ ಕೊಲ್ಯಾಬ್ ಪುಕ್ಕಟೆ ಇದೆ ಅಂತ ಹೇಳಿ. ದುಡ್ಡು ತಗೊಂಡು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುವ ಕಂಪನಿಗೂ, 2 ಲಕ್ಷಕ್ಕೆ ‘ಬ್ಯಾಕ್‌ಡೋರ್’ ಕೆಲಸ ಕೊಡಿಸುತ್ತೇನೆ ಅನ್ನುವವರಿಗೂ ಒಂದು ಪೈಸೆ ಕೊಡಬೇಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಸುಳ್ಳು ಅನುಭವ ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಹೆಸರೂ ಹೋಯಿತು.

ಎಐ ಬಂದ ಮೇಲೆ ಈ ಪದವಿಗೆ ಬೆಲೆ ಇದೆಯೇ?

ಕೆಳಗಿನ ಮೆಟ್ಟಿಲು ಅಲುಗಾಡುತ್ತಿದೆ. 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರಲ್ಲೂ ಸೇರಿ ನೌಕರರ ಸಂಖ್ಯೆ ಸುಮಾರು 64 ಸಾವಿರ ಕುಸಿಯಿತು. ಅದಕ್ಕೆ ಎಐ ಒಂದೇ ಕಾರಣವಲ್ಲ, ಬೇಡಿಕೆಯೇ ಇಳಿದಿತ್ತು. ಆದರೆ ಸರಳ ಕೋಡು ಬರೆಯುವ, ಟೆಸ್ಟಿಂಗ್ ಮಾಡುವ ಆರಂಭದ ಕೆಲಸಗಳೇ ಯಂತ್ರಕ್ಕೆ ಸುಲಭದ ತುತ್ತು. ಆಫರ್ ಕೊಟ್ಟು ತಿಂಗಳುಗಟ್ಟಲೆ ಸೇರಿಸಿಕೊಳ್ಳದೆ ಕಾಯಿಸಿದ್ದನ್ನೂ ಇತ್ತೀಚಿನ ಬ್ಯಾಚುಗಳು ನೋಡಿವೆ. ಇದಕ್ಕೆ ನಮ್ಮ ಉತ್ತರ ಪದವಿ ಬಿಡಿ ಅಂತಲ್ಲ. ಕೆಲಸ ಒಂದು ವರ್ಷ ತಡವಾದರೂ ತಡೆದುಕೊಳ್ಳುವಷ್ಟೇ ಸಾಲ ಮಾಡಿ ಅಂತ.

ಎಂ.ಟೆಕ್ ಮಾಡಿದರೆ?

ಗೇಟ್ (ಎಂ.ಟೆಕ್ ಪ್ರವೇಶ ಪರೀಕ್ಷೆ) ಮೂಲಕ ಐಐಎಸ್‌ಸಿ, ಐಐಟಿಯಂಥ ಕಡೆ ಸಿಕ್ಕರೆ ಮಾಡಿ, ತಿಂಗಳಿಗೆ 12,400 ಸ್ಟೈಪೆಂಡ್ ಕೂಡ ಬರುತ್ತದೆ. ಕೆಲಸ ಸಿಗಲಿಲ್ಲವೆಂದು ಓದಿದ ಕಾಲೇಜಿನಲ್ಲೇ ಶುಲ್ಕ ಕಟ್ಟಿ ಮುಂದುವರಿಯುವುದು ಎರಡು ವರ್ಷದ ಸಂಬಳ ಕಳೆದುಕೊಂಡಂತೆ.

ಪ್ರವೇಶದ ದಿನ ಕೌಂಟರಿನಲ್ಲಿ ಏನು ನೋಡಿಕೊಳ್ಳಬೇಕು?

ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿನಲ್ಲೇ ರಸೀದಿ. ಟ್ರಸ್ಟಿನ ಹೆಸರಿನಲ್ಲಿ ಬೇರೆ ರಸೀದಿ ಕೊಟ್ಟರೆ ಯಾವುದಕ್ಕೆ ಅಂತ ಬರೆಸಿಕೊಳ್ಳಿ. ‘ಇತರೆ ಶುಲ್ಕ’ ನಾಲ್ಕೂ ವರ್ಷವೋ, ಒಂದೇ ಸಲವೋ ಕೇಳಿ. ಮ್ಯಾನೇಜ್‌ಮೆಂಟ್ ಸೀಟಾದರೆ ಎರಡನೇ ವರ್ಷದಿಂದ ಶುಲ್ಕ ಏರುವುದಿಲ್ಲ ಅಂತ ಬರಹದಲ್ಲಿ ಪಡೆಯಿರಿ, ಬಾಯಿಮಾತು ಆ ಗುಮಾಸ್ತರು ಬದಲಾಗುವವರೆಗೆ ಮಾತ್ರ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಅನ್ನೋದು ಎಐಸಿಟಿಇ ನಿಯಮ. ಎರಡು ಸೆಟ್ ದೃಢೀಕೃತ ಪ್ರತಿ ಒಯ್ಯಿರಿ, ಮೂಲ ಪ್ರತಿಯ ಫೋಲ್ಡರ್ ಅಪ್ಪನ ಕೈಯಲ್ಲಿರಲಿ.